ಯಾರ ಸರದಿ? ಎರಡು–ಮೂರು ಪುಟಾಣಿಗಳಿರುವ ಮನೆಯ ಲೆಕ್ಕಾಚಾರ

ಒಂದು ಮಗುವಿಗೆ ಇಷ್ಟು ಕೆಲಸ, ಹಾಗಾದರೆ ಮೂರಕ್ಕೆ ಅದರ ಮೂರರಷ್ಟು ಎಂದು ಲೆಕ್ಕ ಹಾಕಿಕೊಂಡವರು ಬೇಗ ಬೇಸ್ತು ಬೀಳುತ್ತಾರೆ. ಬಟ್ಟೆ ಒಗೆತ, ಸ್ನಾನ, ಉಗುರು ಕತ್ತರಿಸುವುದು ಎಲ್ಲ ಆ ಗುಣಾಕಾರದಲ್ಲೇ ಹೆಚ್ಚುತ್ತವೆ, ನಿಜ. ಅದು ಬರೀ ದುಡಿಮೆ, ಮೈ ದಣಿಯುತ್ತದೆ ಅಷ್ಟೆ. ತಲೆ ಕೆಡಿಸುವುದು ಬೇರೆಯೇ ಇದೆ. ಕೂಸಿಗೆ ಹಾಲಿನ ಹೊತ್ತು, ನಡುವಿನದಕ್ಕೆ ಸುಸ್ಸು ಅವಸರ, ದೊಡ್ಡದಕ್ಕೆ ಒಂದು ಕಾಲಿನ ಸಾಕ್ಸ್ ಸಿಗುತ್ತಿಲ್ಲ, ಮೂರೂ ಒಂದೇ ನಿಮಿಷದಲ್ಲಿ. ಬಿಡಿಬಿಡಿಯಾಗಿ ನೋಡಿದರೆ ಎಲ್ಲ ಸಣ್ಣ ಕೆಲಸಗಳೇ, ಒಟ್ಟಿಗೆ ಬಂದದ್ದೇ ತೊಂದರೆ. ಅದಕ್ಕೇ ಇಂಥ ಮನೆಗೆ ತಾಳ್ಮೆಗಿಂತ ಹೆಚ್ಚು ಬೇಕಾಗುವುದು ಸರದಿ. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ಗಲಾಟೆ ಶುರುವಾಗುವ ಮುಂಚೆಯೇ ತೀರ್ಮಾನವಾಗಿದ್ದರೆ ಅರ್ಧ ರಂಪ ಅಲ್ಲೇ ಕಡಿಮೆ.

ಎಲ್ಲರೂ ಒಟ್ಟಿಗೆ ಅಳುವಾಗಿನ ಸರದಿ ಮೊದಲು ಹೇಳಿಬಿಡುತ್ತೇನೆ. ಅಳುವವರ ಕಡೆ ಓಡುವ ಮುನ್ನ, ಸದ್ದಿಲ್ಲದೆ ಇರುವ ಮಗು ಎಲ್ಲಿದೆ ನೋಡಿ. ಜೋರಾಗಿ ಅಳುವ ಮಗು ಉಸಿರಾಡುತ್ತಿದೆ ಎಂಬುದಂತೂ ಖಾತ್ರಿ. ಗಂಟಲಲ್ಲಿ ಏನಾದರೂ ಪೂರ್ತಿ ಸಿಕ್ಕಿಕೊಂಡಿದ್ದರೆ ಸದ್ದು ಹೊರಡುವುದಿಲ್ಲ, ನೀರಿನಲ್ಲಿ ಮುಳುಗುವ ಮಗುವೂ ಸಾಮಾನ್ಯವಾಗಿ ಕೂಗುವುದಿಲ್ಲ. ಅದಾದ ಮೇಲೆ ಏಟು ತಿಂದವರು, ಆಮೇಲೆ ಸುಸ್ಸು ತಡೆಯಲಾಗದವರು, ಆಮೇಲೆ ಹಸಿದವರು, ಕಟ್ಟಕಡೆಗೆ ಜಗಳದ ದೂರು. ಹಸಿದ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಅಳಲು ಬಿಟ್ಟರೆ ಅದಕ್ಕೇನೂ ಆಗುವುದಿಲ್ಲ. ಮನಸ್ಸು ಒಪ್ಪದೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಇನ್ನೊಂದನ್ನು ಒದ್ದೆ ನೆಲದ ಮೇಲೆ ಹಿಡಿದುಕೊಂಡು ಹೋದಾಗಲೇ ಜಾರಿ ಬೀಳುವುದು.

ಬೆಳಗ್ಗೆ ಹೊರಡುವ ಹೊತ್ತಿನ ಲೆಕ್ಕವನ್ನು ಏಳುವ ಸಮಯದಿಂದ ಹಾಕಬೇಡಿ, ಬಾಗಿಲು ದಾಟುವ ಸಮಯದಿಂದ ಹಿಂದಕ್ಕೆ ಹಾಕಿ. 8 ಗಂಟೆಗೆ ಹೊರಡಬೇಕಿದ್ದರೆ 7:45ಕ್ಕೆ ಎಲ್ಲರ ಟಾಯ್ಲೆಟ್ ಮತ್ತು ಕೂಸಿನ ಡೈಪರ್, 7:30ಕ್ಕೆ ಬಟ್ಟೆ, 7:15ಕ್ಕೆ ಹಲ್ಲುಜ್ಜುವುದು, 6:45ಕ್ಕೆ ತಿಂಡಿ. ತಿಂಡಿ ಮೊದಲು, ಬಟ್ಟೆ ಆಮೇಲೆ. ಈ ಎರಡನ್ನು ಅದಲು ಬದಲು ಮಾಡಿದರೆ ದಿನವೂ ಒಂದು ಜೊತೆ ಬಟ್ಟೆ ಹೆಚ್ಚಿಗೆ ಒಗೆಯಬೇಕು. ಬಟ್ಟೆ ತೊಡಿಸುವಾಗ ದೊಡ್ಡದರಿಂದ ಶುರು ಮಾಡಿ ಚಿಕ್ಕದಕ್ಕೆ ಬನ್ನಿ. ಕೂಸನ್ನು ಮೊದಲು ಸಿಂಗರಿಸಿ ಕೂರಿಸಿದರೆ ಮಿಕ್ಕವರು ಸಿದ್ಧವಾಗುವ ಹೊತ್ತಿಗೆ ಅದು ಹಾಲು ಕಕ್ಕಿರುತ್ತದೆ, ಇಲ್ಲವೇ ಡೈಪರ್ ತುಂಬಿಸಿರುತ್ತದೆ. ಒಂದೇ ಒಂದು ಅಪವಾದ: ‘ನಾನೇ ಹಾಕ್ಕೋತೀನಿ’ ಎಂದು ಹಟ ಹಿಡಿಯುವ ಎರಡೂವರೆ–ಮೂರು ವರ್ಷದ ಮಗು. ಅದನ್ನು ಎಲ್ಲರಿಗಿಂತ ಮೊದಲೇ ಕೂರಿಸಿಬಿಡಿ. ಎರಡು ಶೂ ಹಾಕಿಕೊಳ್ಳಲು ಅದಕ್ಕೆ ಐದು ನಿಮಿಷ ಬೇಕು, ಆ ಐದು ನಿಮಿಷ ಕೊಡದೆ ಕಿತ್ತುಕೊಂಡು ನೀವೇ ಹಾಕಿದರೆ ಹತ್ತು ನಿಮಿಷದ ಅಳು. ಎಡ ಬಲ ಗೊತ್ತಾಗಲು ಒಂದು ಸ್ಟಿಕರನ್ನು ನಡುವೆ ಕತ್ತರಿಸಿ ಅರ್ಧರ್ಧವನ್ನು ಎರಡೂ ಶೂಗಳ ಒಳಗೆ, ಹಿಮ್ಮಡಿ ಕೂರುವ ಜಾಗದಲ್ಲಿ ಅಂಟಿಸಿ. ಪಕ್ಕಪಕ್ಕ ಇಟ್ಟಾಗ ಚಿತ್ರ ಕೂಡಿಕೊಂಡರೆ ಸರಿ.

ಹಲ್ಲಿನ ವಿಷಯ ಬೇಗ ಮುಗಿಸುತ್ತೇನೆ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು ಪೇಸ್ಟ್, ಮೂರರಿಂದ ಆರರವರೆಗೆ ಬಟಾಣಿಯಷ್ಟು. ಪೇಸ್ಟ್ ಹಾಕುವುದು ದೊಡ್ಡವರ ಕೆಲಸ. ಏಳೆಂಟು ವರ್ಷದವರೆಗೂ ದಿನಕ್ಕೊಮ್ಮೆಯಾದರೂ ದೊಡ್ಡವರೇ ಉಜ್ಜಬೇಕು, ಆ ವಯಸ್ಸಿನವರೆಗೆ ಹಿಂದಿನ ದವಡೆಹಲ್ಲು ಅವರ ಕೈಗೆ ಸರಿಯಾಗಿ ಸಿಗುವುದಿಲ್ಲ. ಮೂವರಿದ್ದರೆ ರಾತ್ರಿಯ ಸರದಿಯನ್ನು ನೀವು ಇಟ್ಟುಕೊಳ್ಳಿ, ಬೆಳಗಿನದು ಅವರದ್ದು.

ಬಟ್ಟೆ ಯಾರದ್ದು ಎಂದು ಗುರುತಿಸಲು ಹೆಸರು ಬರೆಯುವುದು ದಂಡ. ಒಂದೇ ಅಂಗಿ ಮೂವರ ಮೈ ದಾಟುತ್ತದೆ, ಪ್ರತಿ ಸಲ ಹೆಸರು ಅಳಿಸುವವರಾರು? ಬಟ್ಟೆಯ ಒಳಗಿನ ಲೇಬಲ್ ಮೇಲೆ ಒಗೆತಕ್ಕೆ ಹೋಗದ ಪೆನ್ನಿನಿಂದ ಚುಕ್ಕಿ ಇಡಿ: ದೊಡ್ಡದಕ್ಕೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಅಂಗಿ ಕೆಳಗಿಳಿದಾಗ ಇನ್ನೊಂದು ಚುಕ್ಕಿ ಸೇರಿಸಿದರೆ ಮುಗಿಯಿತು, ಏನೂ ಅಳಿಸಬೇಕಿಲ್ಲ. ಮಡಿಚುವವರು ಯಾರೇ ಆದರೂ ಗೊಂದಲವಿಲ್ಲ. ಸಾಕ್ಸ್‌ಗೆ ಇನ್ನೂ ಸುಲಭದ ದಾರಿ: ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಆ ಬಣ್ಣದವೇ ಎಂಟು ಜೊತೆ. ಒಂದು ಕಳೆದರೂ ಉಳಿದದ್ದು ಒಂಟಿಯಾಗುವುದಿಲ್ಲ. ಮಷೀನಿಗೆ ಹಾಕುವಾಗ ಜಾಲರಿ ಚೀಲದಲ್ಲಿ ಹಾಕಿ, ಇಲ್ಲದಿದ್ದರೆ ಪುಟಾಣಿ ಸಾಕ್ಸ್ ಡ್ರಮ್ಮಿನ ಅಂಚಿನ ರಬ್ಬರ್ ಮಡಿಕೆಯೊಳಗೆ ಸೇರಿಕೊಂಡು ಅಲ್ಲೇ ಕೊಳೆಯುತ್ತದೆ.

ಇನ್ನು ಜಗಳ. ‘ಇವತ್ತು ಕಿಟಕಿ ಪಕ್ಕ ಯಾರು, ಲಿಫ್ಟಿನ ಗುಂಡಿ ಒತ್ತುವುದು ಯಾರು, ಕಥೆ ಆರಿಸುವುದು ಯಾರು’ ಎಂಬ ಜಗಳ ದಿನಕ್ಕೆ ಹತ್ತು ಸಲ ಬರುತ್ತದೆ. ಪ್ರತಿಸಲ ನೀವು ನ್ಯಾಯ ತೀರ್ಮಾನಿಸಲು ಕೂತರೆ ಹತ್ತು ಸಲವೂ ಒಬ್ಬರಿಗೆ ಅನ್ಯಾಯ ಮಾಡಿದವರಾಗುತ್ತೀರಿ. ತೀರ್ಪನ್ನು ಕ್ಯಾಲೆಂಡರಿಗೆ ಬಿಟ್ಟುಬಿಡಿ. ಇಬ್ಬರಿದ್ದರೆ ಬೆಸ ತಾರೀಖು ಒಬ್ಬರದ್ದು, ಸಮ ತಾರೀಖು ಇನ್ನೊಬ್ಬರದ್ದು. ಇದರಲ್ಲೊಂದು ತೂತಿದೆ. 31 ಬೆಸ, ಮರುದಿನದ 1 ಕೂಡ ಬೆಸ, ಹಾಗಾಗಿ ಬೆಸದವರಿಗೆ ಎರಡು ದಿನ ಸಾಲಾಗಿ ಬರುತ್ತದೆ. ಐದು ವರ್ಷದ ಮಗು ಇದನ್ನು ಖಂಡಿತ ಕಂಡುಹಿಡಿಯುತ್ತದೆ. ‘31 ಯಾರದ್ದೂ ಅಲ್ಲ, ದೊಡ್ಡವರದ್ದು’ ಎಂದು ಮೊದಲೇ ಹೇಳಿಡಿ. ಮೂವರಿದ್ದರೆ ವಾರದ ಲೆಕ್ಕ ಒಳ್ಳೆಯದು: ತಲೆಗೆ ಎರಡೆರಡು ದಿನ, ಮಿಕ್ಕ ಏಳನೆಯ ದಿನ ದೊಡ್ಡವರದ್ದು. ಸರದಿಯ ಜೊತೆ ಒಂದು ಸಣ್ಣ ಕೆಲಸವನ್ನೂ ಕಟ್ಟಿ. ಅವತ್ತು ಗುಂಡಿ ಒತ್ತುವವರೇ ತಟ್ಟೆಗಳನ್ನೂ ತಂದಿಡಬೇಕು. ಹಕ್ಕು ಬರಿಗೈಯಲ್ಲಿ ಬರುವುದಿಲ್ಲ ಎಂದು ಗೊತ್ತಾದರೆ ಅದರ ಮೇಲಿನ ಕಚ್ಚಾಟವೂ ಇಳಿಯುತ್ತದೆ.

ಒಂದೇ ಆಟಿಕೆಗೆ ಇಬ್ಬರು ಕೈ ಹಾಕಿದಾಗ ಗಡಿಯಾರ ತೋರಿಸಿ ಫಲವಿಲ್ಲ, ಮೂರು ವರ್ಷದವರಿಗೆ ‘ಐದು ನಿಮಿಷ’ ಎಂದರೆ ಏನೂ ಅಲ್ಲ. ಕಣ್ಣೆದುರೇ ಮರಳು ಇಳಿಯುವ ಪುಟ್ಟ ಮರಳು ಗಡಿಯಾರ ಇಡಿ, ಮೂರು ನಿಮಿಷದ್ದು ಸಾಕು. ಮರಳು ಮುಗಿದರೆ ಕೈ ಬದಲು. ಒಡೆಯದ ಪ್ಲಾಸ್ಟಿಕ್ಕಿನದ್ದೇ ಇರಲಿ, ಮೊದಲ ವಾರದಲ್ಲಿ ಜಗಳ ಆ ಗಡಿಯಾರಕ್ಕಾಗಿಯೇ ನಡೆಯುತ್ತದೆ. ತಿನ್ನುವುದನ್ನು ಹಂಚುವಾಗ ಹಳೆಯ ನಿಯಮವೇ ಸರಿ: ಒಬ್ಬರು ಎರಡು ಭಾಗ ಮಾಡಬೇಕು, ಇನ್ನೊಬ್ಬರು ಮೊದಲು ಆರಿಸಿಕೊಳ್ಳಬೇಕು. ಮಿಲಿಮೀಟರ್ ಲೆಕ್ಕದಲ್ಲಿ ಸಮಭಾಗ ಮಾಡುವ ಕಲೆ ನಾಲ್ಕು ವರ್ಷದ ಮಕ್ಕಳಿಗೂ ಆಗ ಬಂದುಬಿಡುತ್ತದೆ. ‘ಯಾರು ಶುರು ಮಾಡಿದ್ದು?’ ಎಂದು ಕೇಳುವುದನ್ನು ಮಾತ್ರ ಬಿಡಿ. ಎರಡೂ ಕಡೆಯ ಉತ್ತರ ಒಂದೇ, ಮೇಲಾಗಿ ಚಾಡಿ ಹೇಳಿದವರಿಗೆ ಲಾಭ. ಕಚ್ಚುವುದು ಬೇರೆ ಮಾತು. ಒಂದರಿಂದ ಮೂರು ವರ್ಷದ ನಡುವೆ ಇದು ಮಾಮೂಲು, ಮಾತು ಸಾಲದಾದಾಗ ಹಲ್ಲು ಮುಂದೆ ಬರುತ್ತದೆ. ಕಚ್ಚಿಸಿಕೊಂಡವರನ್ನು ಮೊದಲು ಎತ್ತಿಕೊಳ್ಳಿ, ಕಚ್ಚಿದವರಿಗೆ ‘ಕಚ್ಚಬಾರದು, ನೋವಾಗುತ್ತೆ’ ಎಂಬಷ್ಟೇ ಸಾಕು. ಭಾಷಣ ಬಿಗಿದರೆ ಕಚ್ಚಿದವರಿಗೇ ಹೆಚ್ಚು ಗಮನ ಸಿಕ್ಕಂತಾಗುತ್ತದೆ.

ತಟ್ಟೆ, ಲೋಟಗಳ ಬಣ್ಣದ ಬಗ್ಗೆ ಅಪ್ಪ ಅಮ್ಮಂದಿರಲ್ಲಿ ಎರಡು ಪಕ್ಷಗಳಿವೆ. ಎಲ್ಲ ಒಂದೇ ಬಣ್ಣದ್ದಿದ್ದರೆ ಜಗಳವಿಲ್ಲ ಎನ್ನುವವರು ಒಂದು ಕಡೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಎನ್ನುವವರು ಇನ್ನೊಂದು ಕಡೆ. ನನ್ನ ಮತ: ತಟ್ಟೆ ಒಂದೇ ಬಣ್ಣ, ನೀರಿನ ಲೋಟ ಬೇರೆ ಬೇರೆ. ತಟ್ಟೆ ಒಂದು ಊಟಕ್ಕೆ ಮುಗಿಯುತ್ತದೆ. ಲೋಟ ಇಡೀ ದಿನ ಮನೆ ಸುತ್ತುತ್ತದೆ, ಒಬ್ಬರ ನೆಗಡಿಯನ್ನು ಇನ್ನೊಬ್ಬರಿಗೆ ಹೊತ್ತೊಯ್ಯುವುದರಲ್ಲಿ ಅದರದ್ದೂ ಪಾಲಿದೆ.

ವಯಸ್ಸಿನ ಅಂತರ ನಿಜವಾಗಿ ಅಪಾಯ ತರುವುದು ಆಟದ ನೆಲದಲ್ಲಿ. ದೊಡ್ಡದರ ಆಟಿಕೆಯ ಪುಟ್ಟ ಭಾಗಗಳು, ತೆವಳುವ ಕೂಸಿನ ಬಾಯಿ. ಅಳತೆಗೋಲು ಟಾಯ್ಲೆಟ್ ಪೇಪರ್ ಸುರುಳಿಯ ಖಾಲಿ ಕೊಳವೆ, ಅದರ ಅಗಲ ಸುಮಾರು 4 ಸೆಂಟಿಮೀಟರ್. ಅದರೊಳಗೆ ತೂರುವುದೆಲ್ಲ ಮೂರು ವರ್ಷದೊಳಗಿನವರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಇಲ್ಲಿ ಹೆಚ್ಚಿನವರು ಕೂಸನ್ನು ಕೋಣೆಯಲ್ಲಿ ಹಾಕುವ ಆಟದ ಬೇಲಿಯೊಳಗೆ ಕೂರಿಸಿ ದೊಡ್ಡದನ್ನು ನೆಲದಲ್ಲಿ ಆಡಲು ಬಿಡುತ್ತಾರೆ. ಅದನ್ನು ತಿರುಗಿಸಿ ನೋಡಿ: ಸಣ್ಣ ಸಣ್ಣ ಆಟಿಕೆ ಇಟ್ಟಿಗೆಗಳ ಸಮೇತ ದೊಡ್ಡದು ಬೇಲಿಯೊಳಗೆ, ಕೂಸು ಹೊರಗೆ. ನಾಲ್ಕು ವರ್ಷದ ಮಗು ಅದನ್ನು ಶಿಕ್ಷೆ ಎಂದುಕೊಳ್ಳುವುದಿಲ್ಲ. ತಾನು ಕಟ್ಟಿದ ಗೋಪುರವನ್ನು ಕೂಸು ಬಂದು ಬೀಳಿಸುವುದಿಲ್ಲವಲ್ಲ ಎಂಬ ನೆಮ್ಮದಿ ಅದಕ್ಕೆ. ಆಟಿಕೆಗಳನ್ನು ನಾಲ್ಕು ಡಬ್ಬಿಗಳಲ್ಲಿ ಹಂಚಿ, ಒಂದನ್ನು ಮಾತ್ರ ಹೊರಗಿಡಿ, ವಾರಕ್ಕೋ ಎರಡು ವಾರಕ್ಕೋ ಬದಲಿಸಿ. ಎತ್ತಿಡುವ ಕೆಲಸವೂ ಕಾಲು ಭಾಗಕ್ಕೆ ಇಳಿಯುತ್ತದೆ, ಹಳೆಯ ಆಟಿಕೆ ಹೊಸದಾಗಿಯೂ ಕಾಣುತ್ತದೆ.

ಎರಡು ವಸ್ತುಗಳಿಗೆ ಮಾತ್ರ ಈ ಯಾವ ಹೊಂದಾಣಿಕೆಯೂ ಇಲ್ಲ. ಒಂದು, ಗುಂಡಿಯಾಕಾರದ ಚಪ್ಪಟೆ ಬ್ಯಾಟರಿ. ನುಂಗಿದರೆ, ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಎರಡೇ ಗಂಟೆಯಲ್ಲಿ ಒಳಗಿನ ಚರ್ಮ ಆಳವಾಗಿ ಸುಟ್ಟುಹೋಗಬಹುದು. ಬ್ಯಾಟರಿ ಸೋರಲೇಬೇಕೆಂದಿಲ್ಲ, ವಿದ್ಯುತ್ ಹರಿದು ಅಲ್ಲಿ ಕ್ಷಾರ ಹುಟ್ಟುತ್ತದೆ. ನುಂಗಿರಬಹುದು ಎಂಬ ಅನುಮಾನ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ. ಇನ್ನೊಂದು, ಬಲವಾದ ಪುಟ್ಟ ಅಯಸ್ಕಾಂತಗಳು. ಎರಡು ನುಂಗಿದರೆ ಕರುಳಿನ ಎರಡು ಮಡಿಕೆಗಳನ್ನು ನಡುವೆ ಹಿಡಿದು ತೂತು ಮಾಡಬಲ್ಲವು. ಇವು ಚಿಕ್ಕ ಮಕ್ಕಳ ಮನೆಯಲ್ಲಿ ಇರಲೇಬಾರದು. ತಿನ್ನುವುದರಲ್ಲಿ ದ್ರಾಕ್ಷಿಯನ್ನು ಅಡ್ಡ ಕತ್ತರಿಸಬೇಡಿ, ಉದ್ದಕ್ಕೆ ನಾಲ್ಕು ಸೀಳು ಮಾಡಿ. ಗೋಡಂಬಿ, ಕಡಲೆಬೀಜದಂಥ ಇಡೀ ಬೀಜಗಳು ಐದು ವರ್ಷವಾಗುವವರೆಗೆ ಬೇಡ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಬೇಡ. ಅಕ್ಕ ಅಣ್ಣಂದಿರು ‘ಪಾಪುಗೂ ಒಂದು ತುತ್ತು’ ಎಂದು ಪ್ರೀತಿಯಿಂದ ತಿನ್ನಿಸಲು ಬರುತ್ತಾರೆ, ಅವರಿಗೂ ಈ ನಿಯಮ ಹೇಳಿಕೊಡಬೇಕು. ‘ಪಾಪುಗೆ ಏನು ಕೊಡುವುದಿದ್ದರೂ ಮೊದಲು ನನ್ನ ಕೈಗೆ’ ಎಂಬ ಒಂದೇ ಸಾಲು ಸಾಕು, ಪಟ್ಟಿ ನೆನಪಿರುವುದಿಲ್ಲ.

ಸ್ನಾನದಲ್ಲಿ ಸರದಿ ಹೀಗೆ: ಎಲ್ಲರಿಗೂ ಮೊದಲು ಟಾಯ್ಲೆಟ್, ಟವೆಲ್ ಮತ್ತು ಬಟ್ಟೆ ಕೈಗೆಟುಕುವಲ್ಲಿ, ಆಮೇಲೆ ಟಬ್ಬಿಗೆ ನೀರು. ತಣ್ಣೀರು ಮೊದಲು ಬಿಟ್ಟು ಬಿಸಿ ಸೇರಿಸಿ, ಮೊಣಕೈ ಅದ್ದಿ ನೋಡಿ. 37–38 ಡಿಗ್ರಿ ಸೆಲ್ಸಿಯಸ್ ಸಾಕು, ದೊಡ್ಡವರಿಗೆ ಅದು ಬರೀ ಉಗುರುಬೆಚ್ಚಗೆ ಅನ್ನಿಸುತ್ತದೆ. ಆಟ ಮೊದಲು, ಸೋಪು ಮತ್ತು ತಲೆ ಕೊನೆಗೆ. ಸೋಪಿನ ನೀರಲ್ಲಿ ಹೆಚ್ಚು ಹೊತ್ತು ಕೂತರೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮೂತ್ರದ ಜಾಗದಲ್ಲಿ ಉರಿ ಬರಬಹುದು, ಮೊದಲೇ ತಲೆ ತೋಯಿಸಿದರೆ ಚಳಿ. ಹೊರಗೆ ತೆಗೆಯುವಾಗ ಚಿಕ್ಕದು ಮೊದಲು. ಐದು ಸೆಂಟಿಮೀಟರ್ ನೀರಿನಲ್ಲೂ ಕೂಸು ಮುಳುಗಬಹುದು, ‘ಒಂದು ನಿಮಿಷ ತಮ್ಮನ್ನ ನೋಡ್ಕೋ’ ಎಂದು ಆರು ವರ್ಷದ ಮಗುವಿಗೆ ಹೇಳಿ ಹೋಗುವಂತಿಲ್ಲ. ಬಾಗಿಲು ಬಡಿದರೆ ಬಡಿಯಲಿ.

ಇನ್ನು ಕಾಯಿಲೆ. ಇಬ್ಬರು ಮೂವರಿರುವ ಮನೆಯಲ್ಲಿ ಕಾಯಿಲೆ ಸಹ ಸರದಿಯಲ್ಲೇ ಬರುತ್ತದೆ, ಅದರ ಅಂತರ ತಿಳಿದಿದ್ದರೆ ರಜೆ ಹೊಂದಿಸಿಕೊಳ್ಳಲು ಅನುಕೂಲ. ವಾಂತಿಭೇದಿ ತರುವ ನೊರೊವೈರಸ್ ಆದರೆ 12ರಿಂದ 48 ಗಂಟೆಯಲ್ಲಿ ಮುಂದಿನವರು ಮಲಗುತ್ತಾರೆ. ಫ್ಲೂ ಆದರೆ ಒಂದರಿಂದ ನಾಲ್ಕು ದಿನ, ಕೈ ಕಾಲು ಬಾಯಿ ಹುಣ್ಣಿನ ಜ್ವರಕ್ಕೆ ಮೂರರಿಂದ ಆರು ದಿನ. ಚಿಕನ್‌ಪಾಕ್ಸ್ ಮಾತ್ರ 10ರಿಂದ 21 ದಿನ ಹೊಂಚು ಹಾಕುತ್ತದೆ. ಮೊದಲನೆಯದು ವಾಸಿಯಾಯಿತು ಎಂದು ನಿಟ್ಟುಸಿರು ಬಿಟ್ಟ ವಾರವೇ ಎರಡನೆಯದರ ಮೈಮೇಲೆ ಗುಳ್ಳೆ ಏಳುವುದು ಇದಕ್ಕೇ. ಗುಳ್ಳೆ ಕಾಣುವ ಒಂದೆರಡು ದಿನ ಮುಂಚೆಯೇ ಅದು ಹರಡಲು ಶುರುವಾಗಿರುವುದರಿಂದ, ಕಂಡ ಮೇಲೆ ಬೇರೆ ಕೋಣೆಯಲ್ಲಿ ಇಟ್ಟು ಅಣ್ಣ ತಂಗಿಯರನ್ನು ತಪ್ಪಿಸುವುದು ಬಹುತೇಕ ಸಾಧ್ಯವಿಲ್ಲ. ಲಸಿಕೆಯೇ ದಾರಿ.

ಇಬ್ಬರಿಗೆ ಒಟ್ಟಿಗೆ ಜ್ವರ ಬಂದ ರಾತ್ರಿ ಆಗುವ ದೊಡ್ಡ ತಪ್ಪು ಔಷಧಿಯದ್ದು. ಅಪ್ಪ ಕೊಟ್ಟದ್ದು ಅಮ್ಮನಿಗೆ ಗೊತ್ತಿಲ್ಲ, ಅಮ್ಮ ಮತ್ತೆ ಕೊಡುತ್ತಾಳೆ, ಇಲ್ಲವೇ ದೊಡ್ಡದರ ಅಳತೆ ಚಿಕ್ಕದಕ್ಕೆ ಹೋಗುತ್ತದೆ. ಔಷಧಿ ಇಡುವ ಕಪಾಟಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ ನಾಲ್ಕು ಕಾಲಂ ಎಳೆಯಿರಿ: ಹೆಸರು, ಗಂಟೆ, ಎಷ್ಟು ಮಿಲಿ, ಕೊಟ್ಟವರು ಯಾರು. ಬರೆದ ಮೇಲೆಯೇ ಬಾಟಲಿ ಮುಚ್ಚಬೇಕು. ಪ್ಯಾರಾಸಿಟಮಾಲ್ ಪ್ರಮಾಣ ತೂಕದ ಮೇಲೆ: ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ, ಕನಿಷ್ಠ 4ರಿಂದ 6 ಗಂಟೆ ಅಂತರ, 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. 12 ಕಿಲೋದ ಮಗುವಿಗೆ 120ರಿಂದ 180 ಮಿಲಿಗ್ರಾಂ. ಆದರೆ ಬಾಟಲಿಗಳೆಲ್ಲ ಒಂದೇ ಗಟ್ಟಿಯಲ್ಲ. 5 ಮಿಲಿಯಲ್ಲಿ 120 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ, ಕೂಸುಗಳ ಹನಿ ಔಷಧಿ ಇನ್ನೂ ಗಟ್ಟಿ. ಮನೆಯಲ್ಲಿ ಒಂದೇ ಗಟ್ಟಿಯದನ್ನು ಇಟ್ಟುಕೊಂಡು, ಪ್ರತಿ ಮಗುವಿಗೆ ಎಷ್ಟು ಮಿಲಿ ಎಂದು ವೈದ್ಯರಿಂದ ಬರೆಸಿ ಆ ಹಾಳೆಯ ತುದಿಯಲ್ಲೇ ಅಂಟಿಸಿಡಿ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಮುಟ್ಟಿದರೆ ಮನೆಮದ್ದೂ ಬೇಡ, ಈ ಲೆಕ್ಕವೂ ಬೇಡ, ಕೂಡಲೇ ವೈದ್ಯರ ಬಳಿ. ಆಸ್ಪಿರಿನ್ ಮಕ್ಕಳಿಗೆ ಕೊಡಬಾರದು.

ವಾಂತಿಯ ರಾತ್ರಿಗೆ ಹಾಸಿಗೆಯನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳಬಹುದು. ನೀರು ಇಳಿಯದ ಹೊದಿಕೆ, ಅದರ ಮೇಲೆ ಚಾದರ, ಮತ್ತೆ ನೀರು ಇಳಿಯದ ಹೊದಿಕೆ, ಮತ್ತೆ ಚಾದರ. ರಾತ್ರಿ ಎರಡಕ್ಕೆ ಮೇಲಿನ ಎರಡು ಪದರ ಎಳೆದು ತೆಗೆದರೆ ಕೆಳಗೆ ಒಣ ಹಾಸಿಗೆ ತಯಾರು, ದೀಪ ಹಾಕಿ ಇನ್ನಿಬ್ಬರನ್ನು ಎಬ್ಬಿಸಬೇಕಿಲ್ಲ. ಹಾಸಿಗೆ ಒದ್ದೆ ಮಾಡುವ ಮಕ್ಕಳಿಗೂ ಇದೇ ಉಪಾಯ. (ಐದು ವರ್ಷದ ಮಗು ರಾತ್ರಿ ಒದ್ದೆ ಮಾಡಿಕೊಂಡರೆ ಅದು ಸೋಮಾರಿತನವಲ್ಲ, ತಂಗಿ ಆಗಲೇ ಒದ್ದೆ ಮಾಡಿಕೊಳ್ಳುವುದನ್ನು ಬಿಟ್ಟಿದ್ದಾಳೆ ಎಂದು ಹೋಲಿಸಿ ಹಂಗಿಸುವುದಂತೂ ಬೇಡವೇ ಬೇಡ.) ಕೊಳೆಯಾದ ಚಾದರವನ್ನು ತಣ್ಣೀರಲ್ಲಿ ಮೊದಲು ಜಾಲಾಡಿ. ನೇರ ಬಿಸಿನೀರಿಗೆ ಹಾಕಿದರೆ ಹಾಲು, ರಕ್ತದಂಥ ಕಲೆಯ ಪ್ರೋಟೀನ್ ಬೆಂದು ನೂಲಿಗೆ ಕಚ್ಚಿಕೊಳ್ಳುತ್ತದೆ. ಮುಟ್ಟಿದ ಕೈಗೆ ಸ್ಯಾನಿಟೈಸರ್ ನಂಬಬೇಡಿ, ನೊರೊವೈರಸ್ ಮೇಲೆ ಆಲ್ಕೊಹಾಲ್ ಅಷ್ಟಾಗಿ ನಡೆಯುವುದಿಲ್ಲ. ಸೋಪು, ನೀರು, 20 ಸೆಕೆಂಡ್.

ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ, ಇಡೀ ಪೊಟ್ಟಣವನ್ನು ಒಮ್ಮೆಗೇ ಕಲಸಬೇಕು. ‘ಸ್ವಲ್ಪ ಪುಡಿ, ಒಂದು ಲೋಟ ನೀರು’ ಎಂಬ ಅಂದಾಜು ಅಪಾಯ, ಉಪ್ಪು ಹೆಚ್ಚಾದರೆ ಕೂಸಿಗೆ ಕೆಡುಕು. ವಾಂತಿಯಾದ ಹತ್ತು ನಿಮಿಷ ಬಿಟ್ಟು, ಒಂದು ಚಮಚ (5 ಮಿಲಿ), ಎರಡು ಮೂರು ನಿಮಿಷಕ್ಕೊಮ್ಮೆ. ಬಾಯಾರಿದ ಮಗು ಲೋಟ ಕಸಿದು ಗಟಗಟ ಕುಡಿಯಿತೆಂದರೆ ಎಲ್ಲ ವಾಪಸ್ ಬರುತ್ತದೆ. 24 ಗಂಟೆ ದಾಟಿದ ದ್ರಾವಣ ಚೆಲ್ಲಿ. ಕೊನೆಯ ವಾಂತಿ ಅಥವಾ ಭೇದಿಯಾಗಿ 48 ಗಂಟೆ ಕಳೆಯುವವರೆಗೆ ಶಾಲೆಗೆ ಕಳಿಸದಿದ್ದರೆ ಬೇರೆಯವರ ಮನೆಯ ರಾತ್ರಿಗಳೂ ಉಳಿಯುತ್ತವೆ.

ಹೇನು ಬಂದರೆ ಒಬ್ಬರ ತಲೆಗೆ ಮಾತ್ರ ನೋಡಿ ಸುಮ್ಮನಾಗುವಂತಿಲ್ಲ, ಮನೆಯ ಎಲ್ಲ ತಲೆಗಳನ್ನೂ ಒಂದೇ ದಿನ ನೋಡಬೇಕು, ದೊಡ್ಡವರದ್ದೂ ಸೇರಿ. ಒದ್ದೆ ಕೂದಲಿಗೆ ಧಾರಾಳ ಕಂಡೀಷನರ್ ಹಚ್ಚಿ ಸೀರಣಿಗೆಯಿಂದ ಬುಡದಿಂದ ತುದಿಗೆ ಬಾಚಿ, ಪ್ರತಿ ಎಳೆತಕ್ಕೂ ಬಿಳಿ ಬಟ್ಟೆಗೆ ಒರೆಸಿ ನೋಡಿ. ಸೀರು ಒಡೆಯಲು ಏಳರಿಂದ ಹತ್ತು ದಿನ ಬೇಕು, ಆದ್ದರಿಂದ ಮೂರು ನಾಲ್ಕು ದಿನಕ್ಕೊಮ್ಮೆ, ಎರಡು ವಾರ ಬಾಚಲೇಬೇಕು. ಒಂದು ವಾರಕ್ಕೆ ನಿಲ್ಲಿಸುವುದರಿಂದಲೇ ಹೇನು ಮತ್ತೆ ಬರುವುದು.

ಹೊರಗೆ ಹೋದಾಗ ದೊಡ್ಡವರು ಇಬ್ಬರಿದ್ದಾರೆ ಎಂದ ಮಾತ್ರಕ್ಕೆ ಮಕ್ಕಳು ತಪ್ಪಿಸಿಕೊಳ್ಳುವುದಿಲ್ಲ ಎಂದೇನಿಲ್ಲ. ನೀನು ನೋಡ್ತಿದ್ದೀಯ ಎಂದು ನಾನು, ನಾನು ನೋಡ್ತಿದ್ದೀನಿ ಎಂದು ನೀನು. ‘ಪುಟ್ಟ ನಿನ್ನ ಪಾಲು, ಇವರಿಬ್ಬರು ನನ್ನ ಪಾಲು’ ಎಂದು ಬಾಯಿಬಿಟ್ಟು ಹೆಸರು ಹಿಡಿದೇ ಹಂಚಿಕೊಳ್ಳಬೇಕು, ಬದಲಾಯಿಸುವಾಗಲೂ ಹೇಳಬೇಕು. ಒಂದೇ ಬಣ್ಣದ ಟೋಪಿ, ಮುಂಗೈಯಲ್ಲಿ ಬಾಲ್‌ಪೆನ್ನಿನಿಂದ ಫೋನ್ ನಂಬರ್, ‘ನಾವು ಕಾಣದಿದ್ದರೆ ನಿಂತಲ್ಲೇ ನಿಲ್ಲು’ ಎಂಬ ಒಂದೇ ನಿಯಮ. ಕಾರಿಗೆ ಹತ್ತಿಸುವಾಗ ಓಡಿಹೋಗುವ ವಯಸ್ಸಿನದನ್ನು ಮೊದಲು ಕಟ್ಟಿ ಕೂರಿಸಿ, ಇಳಿಸುವಾಗ ಅದನ್ನೇ ಕೊನೆಗೆ ಬಿಚ್ಚಿ. ಇಳಿದ ದೊಡ್ಡ ಮಗುವಿನ ಒಂದು ಕೈ, ನಿಮ್ಮ ಕೈ ಖಾಲಿಯಾಗುವವರೆಗೆ, ಕಾರಿನ ಮೇಲೆಯೇ ಇರಬೇಕು.

ನಿದ್ದೆಯ ಲೆಕ್ಕ, ಹಗಲಿನದ್ದೂ ಸೇರಿ: ಒಂದರಿಂದ ಎರಡು ವರ್ಷದವರಿಗೆ 11–14 ಗಂಟೆ, ಮೂರರಿಂದ ಐದರವರಿಗೆ 10–13. ಎಲ್ಲರನ್ನೂ ಒಟ್ಟಿಗೆ ಮಲಗಿಸಿಬಿಡೋಣ ಎನ್ನುವ ಆಸೆ ಸಹಜ, ಆದರೆ ಒಂದೇ ಕೋಣೆಯಲ್ಲಿ ಮೂವರು ಎಚ್ಚರವಿದ್ದರೆ ಅದು ಮಲಗುವ ಕೋಣೆಯಲ್ಲ, ಸಂತೆ. ಚಿಕ್ಕದು ಮೊದಲು, ಇಪ್ಪತ್ತು ನಿಮಿಷ ಬಿಟ್ಟು ಮುಂದಿನದು. ಆ ಇಪ್ಪತ್ತು ನಿಮಿಷ ದೊಡ್ಡದಕ್ಕೆ ಸೇರಿದ್ದು, ಯಾರೂ ಅಡ್ಡ ಬಾರದ ಹೊತ್ತು. ದಿನಕ್ಕೆ ತಲೆಗೆ ಹತ್ತು ನಿಮಿಷ ಇಂಥ ಒಂಟಿ ಹೊತ್ತು ಸಿಕ್ಕರೆ ಹಗಲಿನ ‘ಅಮ್ಮಾ ನೋಡು, ಅಪ್ಪಾ ನೋಡು’ ಎಷ್ಟೋ ತಗ್ಗುತ್ತದೆ. ಫೋನ್ ಬೇರೆ ಕೋಣೆಯಲ್ಲಿರಲಿ, ಏನು ಆಡುವುದೆಂದು ಮಗುವೇ ಹೇಳಲಿ.

ಇಷ್ಟೆಲ್ಲ ಸರದಿ ಇಟ್ಟರೂ ಮಕ್ಕಳು ತಮ್ಮದೇ ಒಂದು ಲೋಕ ಕಟ್ಟಿಕೊಳ್ಳುತ್ತಾರೆ, ಈ ಸಾಕಣೆಯ ಸಂಬಳ ಇರುವುದು ಅಲ್ಲೇ. ಅಕ್ಕನ ಒಂದು ಸೀನಿಗೆ ಕೂಸು ಬಿದ್ದು ಬಿದ್ದು ನಗುತ್ತದೆ, ಅದಕ್ಕೇ ಅವಳು ಇಪ್ಪತ್ತು ಸಲ ಸುಳ್ಳು ಸೀನು ಸೀನುತ್ತಾಳೆ. ಓದು ಬಾರದ ಅಣ್ಣ ತಲೆಕೆಳಗಾದ ಪುಸ್ತಕ ಹಿಡಿದು ತಮ್ಮನಿಗೆ ‘ಓದಿ’ ಹೇಳುತ್ತಾನೆ, ನಿಮ್ಮದೇ ದನಿಯ ಏರಿಳಿತದಲ್ಲಿ. ನಿಮ್ಮ ವಿರುದ್ಧ ಇಬ್ಬರೂ ಒಂದಾಗಿ ಪಿಸುಗುಡುವಾಗ ಬೆಳಗಿನ ಜಗಳದ ಸುಳಿವೇ ಇರುವುದಿಲ್ಲ. ಆಗ ಕೋಣೆಯೊಳಗೆ ಕಾಲಿಡಬೇಡಿ, ಕ್ಯಾಮೆರಾ ಎತ್ತಬೇಡಿ. ದೊಡ್ಡವರು ಕಂಡ ತಕ್ಷಣ ಆಟ ನಾಟಕವಾಗುತ್ತದೆ. ಫೋನಿನಲ್ಲಿ ದನಿಮುದ್ರಣ ಒತ್ತಿ ಪಕ್ಕದ ಮೇಜಿನ ಮೇಲೆ ಇಟ್ಟು ಹೋದರೆ ಸಾಕು, ಮುಖವಿಲ್ಲದಿದ್ದರೂ ದನಿಯಿರುತ್ತದೆ, ಆ ತೊದಲು ಕೆಲವೇ ತಿಂಗಳಲ್ಲಿ ಮಾಯವಾಗುತ್ತದೆ. ಅವರು ಹೇಳುವ ಮಾತುಗಳಿಗೆ ಒಂದು ನೋಟ್‌ಬುಕ್ ಇಡಿ: ತಾರೀಖು, ಹೆಸರು, ವಯಸ್ಸು, ಮಾತು. ವ್ಯಾಕರಣ ತಿದ್ದದೆ, ತಪ್ಪು ಉಚ್ಚಾರವನ್ನು ಕಿವಿಗೆ ಬಿದ್ದಂತೆಯೇ ಬರೆಯಿರಿ. ಮೊದಲ ಮಗುವಿನ ಪುಟಗಳು ತಾವಾಗಿ ತುಂಬುತ್ತವೆ, ಮೂರನೆಯದರದ್ದು ಖಾಲಿ ಉಳಿಯುವುದೇ ಹೆಚ್ಚು. ಅದಕ್ಕೂ ಸರದಿ ಹಾಕಿ: ಪುಟದ ತುದಿಯಲ್ಲಿ ಹೆಸರುಗಳನ್ನು ಮೊದಲೇ ಸಾಲಾಗಿ ಬರೆದಿಟ್ಟು, ಒಬ್ಬರ ಪುಟಕ್ಕೆ ಒಂದು ಸಾಲಾದರೂ ಬೀಳುವವರೆಗೆ ಮುಂದಿನವರ ಪುಟ ತಿರುಗಿಸಬೇಡಿ.